ಮಂಚದ ಕೆಳಗೆ ಅಡಗಿದ ಮರಿ

ಭಾನುವಾರದ ಆರಾಧನೆಯ ಸಂದೇಶ
ವೇದಭಾಗ: ಹೋಶೇಯ 11:1-4

ಹೋಶೇಯನ ಪುಸ್ತಕ 11ನೇ ಅಧ್ಯಾಯ ತೆಗೆದು ಇಟ್ಟುಕೊಳ್ಳಿ. ಅದಕ್ಕೆ ಹೋಗೋ ಮೊದಲು ನಮ್ಮ ಮನೆಯ ಒಂದು ವಿಷಯ ಹೇಳಬೇಕು. ಇದು ಸಾಕ್ಷಿ ಅಲ್ಲ ಪ್ರಿಯರೇ, ತಪ್ಪೊಪ್ಪಿಗೆ.

ಎರಡು ತಿಂಗಳ ಹಿಂದೆ ನಮ್ಮ ಮನೆಗೆ ಒಂದು ನಾಯಿಮರಿ ಬಂತು. ಜಾತಿ ನಾಯಿ ಏನಲ್ಲ, ನಮ್ಮ ಬೀದಿ ನಾಯಿಯದ್ದೇ ಮರಿ. ಆಗ ಅದಕ್ಕೆ ಸುಮಾರು ಎರಡು ತಿಂಗಳು. ಮೈಯೆಲ್ಲ ಕಪ್ಪು, ಹಾಗಾಗಿ ಹೆಸರು ಕರಿಯ. ನನಗೆ ಇಷ್ಟ ಇರಲಿಲ್ಲ. ಆರು ದಿನ ಅಂಗಡಿಯಲ್ಲಿ ಲೆಕ್ಕ ಬರೆಯೋದು, ಸಂಜೆ ಪ್ರಾರ್ಥನಾ ಕೂಟ, ಇದರ ಮಧ್ಯೆ ನಾಯಿ ಯಾರು ನೋಡ್ತಾರೆ? ಆದರೆ ಏಳು ವರ್ಷದ ಮಗಳು ಅತ್ತಳು, ನಮ್ಮ ಮನೆಯವರು ಅವಳ ಪರ ನಿಂತರು. ಸರಿ ಅಂದೆ.

ಮೊದಲ ರಾತ್ರಿ ನಿದ್ದೆ ಇಲ್ಲ. ತಾಯಿಯನ್ನು ಬಿಟ್ಟು ಬಂದ ಮರಿ, ಕುಂಯ್ ಕುಂಯ್ ಅಂತ ಬೆಳಗಿನವರೆಗೂ ಅಳು. ಮರುದಿನದಿಂದ ಇನ್ನೊಂದು ಸಮಸ್ಯೆ. ಸಭೆಯಲ್ಲಿ ಹೇಳೋಕೆ ಸಂಕೋಚ, ಆದರೂ ಹೇಳ್ತೀನಿ. ನಾನು ಸಂಜೆ ಬೈಕ್ ನಿಲ್ಲಿಸಿ ಒಳಗೆ ಕಾಲಿಟ್ಟ ತಕ್ಷಣ, ಸರಿಯಾಗಿ ನನ್ನ ಮುಂದೆಯೇ, ಉಚ್ಚೆ ಹೊಯ್ಯುತ್ತಿತ್ತು. ಬೇರೆ ಯಾರು ಬಂದರೂ ಹಾಗೆ ಮಾಡ್ತಿರಲಿಲ್ಲ. ನಾನು ಜೋರಾಗಿ ಗದರಿಸಿದೆ. ಮೂಗನ್ನು ಅದಕ್ಕೇ ಒರೆಸಿದರೆ ಕಲೀತದೆ ಅಂತ ಯಾರೋ ಹೇಳಿದ್ದರು, ಅದನ್ನೂ ಮಾಡಿದೆ. ಒಂದು ಸಾರಿ ಪೇಪರ್ ಸುತ್ತಿ ಹೊಡೆದೆ. ಮಾರನೇ ದಿನ ಇನ್ನೂ ಜಾಸ್ತಿ ಆಯ್ತು. ವಾರ ಕಳೆಯೋದರೊಳಗೆ ನನ್ನ ಬೈಕಿನ ಶಬ್ದ ಕೇಳಿದರೆ ಸಾಕು, ಕರಿಯ ಮಂಚದ ಕೆಳಗೆ.

ಒಂದು ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡ್ತಾ ಒಳಗೆ ನೋಡಿದೆ. ನಾಯಿಮರಿ ಓಡಿತು. ಅದರ ಹಿಂದೆಯೇ ನನ್ನ ಮಗಳು ಕೈಯಲ್ಲಿದ್ದ ಗಣಿತದ ನೋಟ್‌ಬುಕ್ ಮುಚ್ಚಿ ಒಳಗಿನ ಕೋಣೆಗೆ ಹೋದಳು. ನಾನು ಇನ್ನೂ ಒಂದು ಮಾತೂ ಆಡಿರಲಿಲ್ಲ ಪ್ರಿಯರೇ. ಬಂದದ್ದು ಅಷ್ಟೇ. ಪ್ರತಿ ಭಾನುವಾರ ಇಲ್ಲಿ ನಿಂತು ತಂದೆಯ ಪ್ರೀತಿ, ತಂದೆಯ ಪ್ರೀತಿ ಅಂತ ಸಾರುವ ನನಗೆ, ನನ್ನ ಮನೆಯಲ್ಲಿ ನಾನು ಬಂದ ಶಬ್ದಕ್ಕೆ ಇಬ್ಬರು ಅಡಗಿಕೊಳ್ತಾರೆ.

ಆ ವಾರ ಮರಿಗೆ ಲಸಿಕೆ ಹಾಕಿಸೋಕೆ ಪಶು ಆಸ್ಪತ್ರೆಗೆ ಹೋದೆವು. ಪಾರ್ವೋ, ಡಿಸ್ಟೆಂಪರ್ ಅಂತ ಜೀವ ತೆಗೆಯೋ ರೋಗಗಳಿವೆ, ಮರಿ ಸಾಕೋರು ಲಸಿಕೆ ತಪ್ಪಿಸಬೇಡಿ. ಮೂರು ತಿಂಗಳಾದ ಮೇಲೆ ರೇಬಿಸ್ ಲಸಿಕೆಯೂ ಬೇಕು. ಅಲ್ಲಿನ ಡಾಕ್ಟರಮ್ಮನಿಗೆ ನಾನು ದೂರು ಹೇಳಿದೆ. ಅವರು ಕೇಳಿದ ಪ್ರಶ್ನೆ ಒಂದೇ: "ಸರ್, ನೀವು ಮನೆಗೆ ಹೇಗೆ ಬರ್ತೀರಿ?"

ನನಗೆ ಅರ್ಥ ಆಗಲಿಲ್ಲ. ಅವರು ವಿವರಿಸಿದರು. ಅದು ಹಟ ಅಲ್ಲ, ಗಲೀಜು ಬುದ್ಧಿಯೂ ಅಲ್ಲ. ಎತ್ತರದ ಮನುಷ್ಯ, ದೊಡ್ಡ ದನಿ, ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ಮೈಮೇಲೆ ಬಾಗಿದರೆ, ಚಿಕ್ಕ ಮರಿ ಹೆದರಿ ಹಾಗೆ ಮಾಡುತ್ತದೆ. ನಾನು ನಿನಗೆ ಶರಣು, ನನ್ನನ್ನು ಏನೂ ಮಾಡಬೇಡ ಅಂತ ಹೇಳುವ ಭಾಷೆ ಅದು. ನೀವು ಬೈದರೆ ಅದು ಮತ್ತೆ ಅದನ್ನೇ ಹೇಳುತ್ತದೆ, ಇನ್ನೂ ಜೋರಾಗಿ ಹೇಳುತ್ತದೆ. ನಾನು ಅಷ್ಟು ದಿನ ಶಿಕ್ಷೆ ಕೊಟ್ಟದ್ದು ಯಾವುದಕ್ಕೆ ಗೊತ್ತಾ? ಕ್ಷಮೆ ಕೇಳಿದ್ದಕ್ಕೆ!

ಪರಿಹಾರ ಏನು ಡಾಕ್ಟ್ರೇ ಅಂದೆ. "ಒಳಗೆ ಬಂದ ಕೂಡಲೇ ಅದರ ಕಡೆ ನೋಡಬೇಡಿ, ಕರೀಬೇಡಿ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತ್ಕೊಳ್ಳಿ. ಕೈ ಕೆಳಗಿಡಿ. ಅದೇ ಬರಲಿ" ಅಂದರು.

ಪ್ರಿಯರೇ, ಈಗ ಹೋಶೇಯ 11 ನೋಡಿ. ಅಲ್ಲಿ ದೇವರು ಇಸ್ರಾಯೇಲನ್ನು ಮಗು ಅಂತಾನೆ. ಕರೆದಷ್ಟೂ ದೂರ ಹೋದ ಮಗು. ಆ ಮಗುವಿಗೆ ಕೈಹಿಡಿದು ನಡೆ ಕಲಿಸಿದವನು ತಾನೇ ಅಂತಾನೆ. ಪ್ರೀತಿಯ ಹಗ್ಗದಿಂದ ಎಳೆದೆ ಅಂತಾನೆ. ಆಮೇಲೆ ಏನು ಮಾಡಿದ? ಬಾಗಿ ಉಣಿಸಿದ. ಆಕಾಶವೇ ಸಿಂಹಾಸನ ಆಗಿರುವವನು ಬಾಗಿದ! ಬೈಬಲ್ ಕಾಲೇಜಿನಲ್ಲಿ ಈ ಅಧ್ಯಾಯದ ಮೇಲೆ ನಾನು ಪರೀಕ್ಷೆ ಬರೆದಿದ್ದೆ. ಅರ್ಥ ಆದದ್ದು ನಮ್ಮ ಮನೆಯ ನೆಲದ ಮೇಲೆ ಕೂತಾಗ.

ಆದಿಕಾಂಡ 3ರಲ್ಲಿ ಆದಾಮ ಏನು ಮಾಡಿದ? ದೇವರ ಶಬ್ದ ಕೇಳಿ ಮರಗಳ ನಡುವೆ ಅಡಗಿಕೊಂಡ. ಪಾಪ ಮಾಡಿದ ಮನುಷ್ಯನ ಕೆಲಸವೇ ಅಡಗೋದು. ಕರಿಯ ಪಾಪ ಮಾಡಿರಲಿಲ್ಲ, ನಾವು ಮಾಡಿದ್ದೇವೆ, ವ್ಯತ್ಯಾಸ ಇದೆ. ಆದರೂ ದೇವರು ಹುಡುಕಿಕೊಂಡು ಬಂದ. ಕಡೆಗೆ ನಮ್ಮ ಮಟ್ಟಕ್ಕೆ ಇಳಿದು, ಗೋದಲಿಯಲ್ಲಿ ಮಲಗುವಷ್ಟು ಚಿಕ್ಕವನಾಗಿ ಬಂದ. ಆಮೆನ್ ಹೇಳ್ತೀರಾ? ಯೋಹಾನ 21ರಲ್ಲಿ ಪೇತ್ರನನ್ನು ನೋಡಿ. ಮೂರು ಸಾರಿ ಅಲ್ಲಗಳೆದ ಪೇತ್ರನ ಮುಂದೆ ಕರ್ತನು ಗದರಿಸುತ್ತಾ ನಿಲ್ಲಲಿಲ್ಲ. ಕೆಂಡ ಮಾಡಿ, ಮೀನು ಸುಟ್ಟು, ಊಟಕ್ಕೆ ಬನ್ನಿ ಅಂದ. ಪ್ರಶ್ನೆ ಕೇಳಿದ್ದು ಊಟ ಆದ ಮೇಲೆ.

ಹಾಗಾದರೆ ಶಿಸ್ತೇ ಬೇಡವಾ ಪಾಸ್ಟರ್ ಅಂತೀರಿ. ಬೇಕು! ಇಬ್ರಿಯ 12ರಲ್ಲಿ ತಂದೆ ಪ್ರೀತಿಸುವ ಮಗನನ್ನೇ ತಿದ್ದುತ್ತಾನೆ ಅಂತ ಇದೆ. ಕರಿಯನಿಗೂ ಶಿಸ್ತು ಕಲಿಸ್ತಾ ಇದ್ದೇವೆ. ಎದ್ದ ಕೂಡಲೇ, ತಿಂದ ಕೂಡಲೇ, ಆಡಿದ ಮೇಲೆ, ಎರಡು ಗಂಟೆಗೊಮ್ಮೆ ಹಿತ್ತಲಿನ ಅದೇ ಮೂಲೆಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಮಾಡಿದರೆ ಆ ಕ್ಷಣವೇ ಶಹಬ್ಬಾಸ್ ಹೇಳಿ ಒಂದು ಚೂರು ಬೇಯಿಸಿದ ಮೊಟ್ಟೆ. ಐದು ನಿಮಿಷ ತಡ ಮಾಡಿದರೆ ಯಾಕೆ ಕೊಟ್ಟರು ಅಂತ ಅದಕ್ಕೆ ಗೊತ್ತಾಗಲ್ಲ. ಬೈಗುಳವೂ ಹಾಗೆಯೇ: ಬೆಳಿಗ್ಗೆ ಮಾಡಿದ್ದಕ್ಕೆ ಸಂಜೆ ಬೈದರೆ, ಅದು ಕಲಿಯೋದು ಒಂದೇ, ಈ ಮನುಷ್ಯ ಬಂದರೆ ಅಪಾಯ ಅಂತ. ಮನೆಯೊಳಗೆ ತಪ್ಪಾದರೆ ವಾಸನೆ ಉಳಿಯದ ಹಾಗೆ ತೊಳೆದುಬಿಡಿ, ಇಲ್ಲದಿದ್ದರೆ ಅದೇ ಜಾಗಕ್ಕೆ ಮತ್ತೆ ಹೋಗುತ್ತದೆ. ಇನ್ನೊಂದು, ಮನೆಯವರೆಲ್ಲ ಒಂದೇ ಮಾತು ಹೇಳಬೇಕು. ನಾನು ಊಟದ ತಟ್ಟೆ ಹತ್ತಿರ ಬರಬೇಡ ಅನ್ನೋದು, ಮಗಳು ಅದೇ ತಟ್ಟೆಯಿಂದ ಚಪಾತಿ ಹಾಕೋದು ಆದರೆ ಮರಿ ಯಾರನ್ನು ಕೇಳಬೇಕು? ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ ಇರಲಿ ಅಂತ ಕರ್ತನೇ ಕಲಿಸಿದ್ದಾನಲ್ವಾ.

ಶಿಸ್ತು ದಾರಿ ತೋರಿಸುತ್ತದೆ. ಸಿಟ್ಟು ನಮ್ಮ ದಣಿವನ್ನು ಇನ್ನೊಬ್ಬರ ಮೇಲೆ ಇಳಿಸುತ್ತದೆ. ನಾನು ಅಂಗಡಿಯ ದಣಿವನ್ನು ಎರಡು ತಿಂಗಳ ಮರಿಯ ಮೇಲೆ, ಏಳು ವರ್ಷದ ಮಗುವಿನ ಮೇಲೆ ಇಳಿಸಿ, ಅದಕ್ಕೆ ಶಿಸ್ತು ಅಂತ ಹೆಸರಿಟ್ಟಿದ್ದೆ. ತಂದೆಗಳೇ, ಎಫೆಸ 6:4 ಮನೆಗೆ ಹೋಗಿ ಓದಿ. ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಅಂತ ಪೌಲನು ಬರೆದದ್ದು ತಂದೆಗಳಿಗೇ.

ಹೇಳಿದ ಹಾಗೆ ಬಾಗಿಲ ಹತ್ತಿರ ನೆಲದ ಮೇಲೆ ಕೂತೆ. ಮೊದಲ ದಿನ ಕರಿಯ ಬರಲಿಲ್ಲ. ಎರಡನೇ ದಿನ ಮಂಚದ ಕೆಳಗಿಂದ ಮೂಗು ಮಾತ್ರ ಕಾಣಿಸಿತು. ನಾಲ್ಕನೇ ದಿನ ತೆವಳಿಕೊಂಡು ಬಂದು ನನ್ನ ಕೈ ಮೂಸಿತು. ಒಂದು ಹನಿಯೂ ಬೀಳಲಿಲ್ಲ. ಸ್ತೋತ್ರ! ಎಲ್ಲ ಸರಿ ಹೋಯ್ತು ಅಂತ ಸುಳ್ಳು ಹೇಳಲ್ಲ, ಹೋದ ಬುಧವಾರ ಮತ್ತೆ ಒಂದು ಸಾರಿ ಆಯ್ತು. ಒರೆಸಿದೆ, ಸುಮ್ಮನಾದೆ.

ಮಗಳು ಬರೋಕೆ ಇನ್ನೂ ಹೆಚ್ಚು ದಿನ ಬೇಕಾಯ್ತು. ನಾಯಿಮರಿಗಿಂತ ಮಕ್ಕಳಿಗೆ ನೆನಪು ಜಾಸ್ತಿ. ಒಂದು ಸಂಜೆ ಹಾಗೇ ನೆಲದ ಮೇಲೆ ಕೂತಿದ್ದೆ, ಕರಿಯ ತೊಡೆ ಮೇಲೆ ಇದ್ದ. ಅವಳು ಬಂದು ಪಕ್ಕದಲ್ಲಿ ಕೂತು ಆ ನೋಟ್‌ಬುಕ್ ತೆರೆದಳು. 20ಕ್ಕೆ 6. "ಅಪ್ಪಾ, ಬೈಬೇಡ" ಅಂದಳು. ನಾನು, "ಅಪ್ಪನನ್ನು ಕ್ಷಮಿಸಮ್ಮಾ" ಅಂದೆ. ಮುಂದೆ ಮಾತು ಬರಲಿಲ್ಲ. ಆಮೇಲೆ ಇಬ್ಬರೂ ಕೂತು ಕಳೆಯುವ ಲೆಕ್ಕ ಮಾಡಿದೆವು.

ಇವತ್ತು ಈ ಸಭೆಯಲ್ಲಿ ಯಾರಾದರೂ ದೇವರಿಂದ ಅಡಗಿಕೊಂಡು ಕೂತಿದ್ದೀರಾ? ಒಂದು ತಪ್ಪು ಮಾಡಿ, ಇನ್ನು ಪ್ರಾರ್ಥನೆಗೆ ಮುಖ ಇಲ್ಲ ಅಂದುಕೊಂಡಿದ್ದೀರಾ? ಒಂದು ವೇಳೆ ನನ್ನಂಥ ಪಾಸ್ಟರ್ ಗದರಿಸಿದ ಮಾತಿಗೇ ದೂರ ಹೋದಿರಾ? ನನ್ನನ್ನು ಕ್ಷಮಿಸಿ. ನನ್ನ ದನಿಯನ್ನು ಆತನ ದನಿ ಅಂದುಕೊಳ್ಳಬೇಡಿ. ಪೂರ್ಣ ಪ್ರೀತಿ ಭಯವನ್ನು ಹೊರಗೆ ಹಾಕುತ್ತದೆ ಅಂತ ಯೋಹಾನನು ಬರೆಯುತ್ತಾನೆ. ಆತನು ಬಾಗಿದ್ದಾನೆ, ಕೈ ಚಾಚಿದ್ದಾನೆ. ಆ ಕೈಯಲ್ಲಿ ಮೊಳೆಯ ಗುರುತಿದೆ, ಕೋಲಿಲ್ಲ. ಬನ್ನಿ.

ಎಲ್ಲರೂ ಕಣ್ಣು ಮುಚ್ಚೋಣ. ಪ್ರೀತಿಯುಳ್ಳ ಪರಲೋಕದ ತಂದೆಯೇ, ಅಡಗಿರುವ ನಿನ್ನ ಮಕ್ಕಳನ್ನು ಹತ್ತಿರಕ್ಕೆ ಕರೆದುಕೋ. ನಮ್ಮ ಮನೆಗಳಲ್ಲಿ ನಾವು ಬರುವ ಶಬ್ದ ಸಂತೋಷದ ಶಬ್ದವಾಗಲಿ. ನಮ್ಮ ಸಿಟ್ಟನ್ನು ಕ್ಷಮಿಸು, ಬಾಗುವುದನ್ನು ಕಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.