ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ

ಈ ಗಾದೆಯನ್ನು ನಾವು ಕೊಡುವವರ ಕಡೆಯಿಂದಲೇ ಓದಿ ರೂಢಿ. ತಲೆಗೊಂದು ಕಡ್ಡಿ ಕೊಟ್ಟರೆ ಯಾರಿಗೂ ಭಾರವಾಗದೆ ಒಬ್ಬನ ಕೆಲಸ ಆಗಿಬಿಡುತ್ತದೆ ಎಂಬ ಅರ್ಥ ಸರಿಯೇ. ಆದರೆ ಗಾದೆಯ ಕೊನೆಯಲ್ಲೊಂದು ತಲೆಯಿದೆ, ಅದರ ಮೇಲೆ ಹೊರೆಯಿದೆ. ಊರಿನ ಸುಧಾರಣೆಗೆ ಸಲಹೆ ಕೂಡಿಸುವಾಗ ಆ ತಲೆಯ ಕಡೆಯಿಂದಲೂ ಓದಬೇಕು.

ವಾರ್ಡ್ ಸಭೆಯನ್ನೇ ನೋಡಿ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಅದಕ್ಕೆ ಬೇಡಿಕೆ ಮುಂದಿಡುವ ಕೆಲಸದ ಜೊತೆಗೆ ಯಾವುದು ಮೊದಲು ಎಂದು ತೀರ್ಮಾನಿಸುವ ಕೆಲಸವನ್ನೂ ವಹಿಸಿದೆ. ನಡೆಯುವುದು ಬಹುಮಟ್ಟಿಗೆ ಮೊದಲರ್ಧ ಮಾತ್ರ. ಒಬ್ಬರು ಚರಂಡಿ ಅನ್ನುತ್ತಾರೆ, ಇನ್ನೊಬ್ಬರು ಸಿಸಿ ರಸ್ತೆ, ಮತ್ತೊಬ್ಬರು ಹೈಮಾಸ್ಟ್ ದೀಪ, ಅಂಗನವಾಡಿಗೆ ಕಾಂಪೌಂಡು, ಸ್ಮಶಾನಕ್ಕೆ ದಾರಿ. ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದು, ಸಹಿ ಹಾಕಿಸಿ, ಸಭೆ ಮುಗಿಸುತ್ತಾರೆ. ಆಮೇಲೆ ಹೊರೆ ಪಿಡಿಒ ಮತ್ತು ಒಂದಿಬ್ಬರು ಸದಸ್ಯರ ತಲೆಗೆ. ದುಡ್ಡು ಎಲ್ಲಕ್ಕೂ ಸಾಲುವುದಿಲ್ಲ, ಬಂದದ್ದಕ್ಕೂ ಕಟ್ಟುಪಾಡಿರುತ್ತದೆ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೆಂದೇ ತೆಗೆದಿಟ್ಟಿದ್ದರು. ಆಯ್ಕೆ ಹೇಗೂ ಆಗಲೇಬೇಕು. ಸಭೆಯಲ್ಲಿ ಆಗದಿದ್ದರೆ ಕಚೇರಿಯ ಕೋಣೆಯಲ್ಲಿ ಆಗುತ್ತದೆ. ಆಗ ಗಟ್ಟಿ ದನಿಯ ಬೀದಿಗೆ ರಸ್ತೆ ಸಿಗುತ್ತದೆ, ಕೂಲಿ ಬಿಟ್ಟು ಬರಲಾಗದವರ ಕೇರಿ ಮುಂದಿನ ವರ್ಷಕ್ಕೆ ಹೋಗುತ್ತದೆ.

ಹಾಗಾದರೆ ಕೈ ಎತ್ತಿಸಿ ಎಣಿಸಿದರಾಯಿತೇ? ಸಾಲದು. ಮೂವತ್ತು ಮನೆಯವರು ದೀಪ ಕೇಳುತ್ತಿರುವಾಗ, ನಾಲ್ಕು ಮನೆಯ ನಲ್ಲಿಗೆ ಕೊಳಚೆ ಸೇರುತ್ತಿದ್ದರೆ ಕೈಗಳ ಎಣಿಕೆ ಆ ನಾಲ್ಕು ಮನೆಯನ್ನು ಕೆಳಗೆ ತಳ್ಳುತ್ತದೆ. ಅಂಥ ಹೊತ್ತಿನಲ್ಲಿ ನೀರುಗಂಟಿಯನ್ನು ಮಾತಾಡಿಸಬೇಕು. ಯಾವ ವಾಲ್ವಿನ ಗುಂಡಿಯಲ್ಲಿ ಚರಂಡಿ ನೀರು ನಿಲ್ಲುತ್ತದೆ, ಮೋಟಾರು ನಿಂತ ಮೇಲೆ ಅದನ್ನು ಒಡೆದ ಪೈಪು ಹೇಗೆ ಒಳಕ್ಕೆ ಎಳೆದುಕೊಳ್ಳುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಊರಲ್ಲಿಲ್ಲ. ಅದನ್ನು ಕೇಳಿಸಿಕೊಂಡು ಎತ್ತುವ ಕೈಗೆ ಬೇರೆಯೇ ತೂಕ. ಹೊರುವವರನ್ನು ಕಡ್ಡಿ ಕೂಡಿಸುವಾಗಲೇ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಪಟ್ಟಿಯಲ್ಲಿ ಕೆಳಗಿಳಿದ ಸಲಹೆಗಳನ್ನೂ ಮರೆಯಬಾರದು. ಮುಂದಿನ ಸಭೆಯಲ್ಲಿ ಹೊಸ ಬೇಡಿಕೆ ಕೇಳುವ ಮುನ್ನ ಹಿಂದಿನ ಪಟ್ಟಿಯನ್ನು ಎಲ್ಲರಿಗೂ ಕೇಳುವಂತೆ ಓದಲಿ. ಸರ್ವೆ ಆಗದೆ, ಒತ್ತುವರಿಯೂ ತೆರವಾಗದ ಕಾರಣ ಸ್ಮಶಾನದ ದಾರಿ ಈ ಸಲ ಆಗಲಿಲ್ಲ ಎಂದು, ಕೇಳಿದವರ ಎದುರಿಗೇ ಹೇಳಲಿ. ಕಾರಣ ಗೊತ್ತಾದರೆ ಅವರೇ ನಾಳೆ ತಹಸೀಲ್ದಾರರ ಕಚೇರಿಗೆ ಹೋಗಿ ಸರ್ವೆಗೆ ಅರ್ಜಿ ಕೊಟ್ಟಾರು.