ಜನ ಇಲ್ಲದ ಬೀಚು

ದಸರಾ ರಜೆ ಹತ್ತಿರವಾದಂತೆ ನಮ್ಮ ಬಸವೇಶ್ವರನಗರದ ಬೀದಿಗಳಲ್ಲಿ ಒಂದೇ ವಿಚಾರಣೆ: ಜನ ಇಲ್ಲದ ಬೀಚು ಯಾವುದಾದರೂ ಗೊತ್ತಾ? ಗೋಕರ್ಣದ ಓಂ ಬೀಚಿನಲ್ಲಿ ರಜೆಯ ದಿನ ಕಾಲಿಡಲು ಜಾಗವಿಲ್ಲ. ಮುರ್ಡೇಶ್ವರದಲ್ಲಿ ಗಾಡಿ ನಿಲ್ಲಿಸುವುದೇ ಒಂದು ಸಾಹಸ. ಮರವಂತೆಯಲ್ಲಿ ಹೆದ್ದಾರಿ ಕಡಲಿಗೆ ಅಂಟಿಕೊಂಡೇ ಸಾಗುವುದರಿಂದ ಅಲೆಯ ಜೊತೆ ಲಾರಿಯ ಹಾರನ್ನನ್ನೂ ಕೇಳಬೇಕು. ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ಅವೂ ಈಗ ಎಲ್ಲರಿಗೂ ಗೊತ್ತು. ವಾರವೆಲ್ಲ ಕಾರ್ಡ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ನಮಗೆ ಎರಡು ದಿನದ ಏಕಾಂತ ಬೇಕೆನಿಸುವುದು ಸಹಜವೇ. ಆ ಏಕಾಂತಕ್ಕೆ ಟೆಂಪೊ ಟ್ರಾವೆಲರ್ ತುಂಬ ಜನ ಹೊರಡುತ್ತೇವೆ ಎನ್ನುವುದು ಬೇರೆ ಮಾತು.

ಉತ್ತರ ಬಲ್ಲವರು ನಮ್ಮ ನಡುವೆಯೇ ಇದ್ದಾರೆ. ರಾಜಾಜಿನಗರ, ವಿಜಯನಗರದ ಹೋಟೆಲು, ಬೇಕರಿಗಳ ಗಲ್ಲಾದಲ್ಲಿ ಕೂತವರಲ್ಲಿ ಎಷ್ಟೋ ಮಂದಿ ಕುಂದಾಪುರ, ಬೈಂದೂರು ಕಡೆಯವರು. ಅಂಥವರೊಬ್ಬರನ್ನು ಕೇಳಿದೆ. ಚಿಲ್ಲರೆ ಎಣಿಸುತ್ತಲೇ, "ಉಂಟು ಮಾರ್ರೆ, ನಮ್ಮ ಮನೆ ಹಿಂದೆಯೇ ಉಂಟು. ಹೇಳಬಹುದು. ಆದ್ರೆ ನೀವು ಒಬ್ರೇ ಹೋಗುದಾ?" ಎಂದರು. ಇದು ಕಾರ್ಪಣ್ಯದ ಮಾತಲ್ಲ. ನಾವು ಖಾಲಿ ಎಂದುಕೊಳ್ಳುವ ಆ ಮರಳು ಅವರ ಊರಿನವರ ದುಡಿಮೆಯ ಜಾಗ. ಕೈರಂಪಣಿಯವರ ದೋಣಿ ಬಲೆಯನ್ನು ನೀರಿನಲ್ಲಿ ಅರ್ಧಚಂದ್ರದಂತೆ ಇಳಿಸಿ ಬರುತ್ತದೆ. ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಸಾಲಾಗಿ ನಿಂತವರು ಹೆಜ್ಜೆ ಹೆಜ್ಜೆಯಾಗಿ ಎಳೆಯಬೇಕು. ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ದೊಡ್ಡ ರಂಪಣಿ ಬಲೆಗಳು ಮೂಲೆ ಸೇರುತ್ತ ಬಂದವು. ಉಳಿದಿರುವುದು ಹೀಗೆ ಕೈಯಲ್ಲಿ ಎಳೆಯುವ ಸಣ್ಣ ಬಲೆಗಳು. ಎಳೆಯುವವರದು ಬರಿಗಾಲು. ಹಿಂದಿನ ರಾತ್ರಿ ಯಾರೋ ಒಡೆದು ಹೋದ ಬಾಟಲಿ ಎಲ್ಲಿ ಹೂತಿದೆ ಎಂಬುದು ಮರಳಿನ ಮೇಲಿನಿಂದ ಕಾಣುವುದಿಲ್ಲ.

ಗ್ರೀಸ್ ದೇಶದಲ್ಲೂ ಇದೇ ತಕರಾರು. 2023ರ ಬೇಸಿಗೆಯಲ್ಲಿ ಪಾರೋಸ್ ದ್ವೀಪದ ನಿವಾಸಿಗಳು ಪ್ರತಿಭಟನೆಗಿಳಿದರು. ತೀರದುದ್ದಕ್ಕೂ ಬಾಡಿಗೆಯ ಒರಗುಕುರ್ಚಿ, ಕೊಡೆಗಳೇ ತುಂಬಿ, ಊರಿನವರಿಗೆ ಒಂದು ಟವೆಲ್ ಹಾಸಲೂ ಜಾಗವಿಲ್ಲವೆಂಬುದು ಅವರ ದೂರು. ಅದಕ್ಕೆ ಟವೆಲ್ ಚಳವಳಿ ಎಂದೇ ಹೆಸರಾಯಿತು. ಮರುವರ್ಷ ಸರ್ಕಾರ 198 ತೀರಗಳ ಪಟ್ಟಿ ಮಾಡಿ, ಅಲ್ಲಿ ಕುರ್ಚಿ, ಕೊಡೆ ಹಾಕುವುದನ್ನೇ ನಿಷೇಧಿಸಿತು. ಕ್ರಮವೇನೋ ಒಳ್ಳೆಯದೇ. ಆದರೆ ಅಂಥ ಪಟ್ಟಿ ನಮ್ಮಂಥವರ ಕೈಗೆ ಸಿಕ್ಕರೆ ಮುಂದಿನ ರಜೆಗೆ ಅದೇ ಪ್ರವಾಸದ ಕೈಪಿಡಿ ಆಗದೇ ಇರುತ್ತದೆಯೇ? ನಮ್ಮ ಹೋಟೆಲಿನವರು ಕೊನೆಗೆ ಹೇಳಿದ ಹೆಸರನ್ನು ನಾನಿಲ್ಲಿ ಬರೆಯದಿರುವುದು ಈ ಕಾರಣಕ್ಕೇ.

ಹೆಸರಿನ ಜೊತೆಗೆ ಅವರು ಕೊಟ್ಟ ಸೂಚನೆಗಳನ್ನು ಮಾತ್ರ ಧಾರಾಳವಾಗಿ ಹಂಚಬಹುದು. ಕಾರನ್ನು ಮರಳಿಗೆ ಇಳಿಸಬೇಡಿ, ರಸ್ತೆಯ ಪಕ್ಕದ ಮನೆಯವರನ್ನು ಕೇಳಿ ನಿಲ್ಲಿಸಿ. ವರ್ಷದ ಮೊದಲ ತಿಂಗಳುಗಳಲ್ಲಿ ಹೋದರೆ ರಾತ್ರಿ ದಡದಲ್ಲಿ ಟಾರ್ಚು, ಹೆಡ್‌ಲೈಟು ಬೇಡ. ಕುಂದಾಪುರದ ಕೋಡಿಯಂಥ ತೀರಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯೊಡೆದ ಮರಿಗಳು ಬೆಳಕು ಕಂಡ ಕಡೆಗೆ ಹೊರಡುವುದರಿಂದ, ಕಡಲ ಮೇಲಿನ ಮಂದ ಬೆಳಕಿಗಿಂತ ನಮ್ಮ ದೀಪ ಜೋರಾಗಿದ್ದರೆ ದಿಕ್ಕು ತಪ್ಪುತ್ತವೆ. ಊಟಕ್ಕೆ ಹಿಂದಿನ ದಿನವೇ ಹೇಳಿಡಿ. ಆ ದಿನ ಬಲೆಗೆ ಬಿದ್ದದ್ದು ಬೂತಾಯಿಯಾದರೆ ಬೂತಾಯಿ, ಬಂಗುಡೆಯಾದರೆ ಬಂಗುಡೆ. ಮೀನು ಮುಟ್ಟದವರಿಗೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಇದ್ದೇ ಇದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಹೋದವರು ಅಂಜಲ್ ಫ್ರೈ ಬೇಕೆಂದು ಹಟ ಹಿಡಿಯದೆ, ಮನೆಯವರು ಒಣಮೀನಿನ ಚಟ್ನಿ ಬಡಿಸಿದರೆ ಅದನ್ನೇ ಇನ್ನಷ್ಟು ಕೇಳಿ ಹಾಕಿಸಿಕೊಳ್ಳಿ.