ಬೂದಿಯ ಕೆಳಗಿನ ಸಾಲ

ಸಾಲದ ಶೇಷ, ಬೆಂಕಿಯ ಶೇಷ, ಹಗೆಯ ಶೇಷ ಉಳಿಸಬಾರದು. ಸಂಸ್ಕೃತದ ಸುಭಾಷಿತದಿಂದ ಇಳಿದು ಬಂದು ನಮ್ಮ ಹಿರಿಯರ ಬಾಯಲ್ಲಿ ಗಾದೆಯೇ ಆಗಿಹೋದ ಮಾತು ಇದು. ಇದರ ಜೀವವೆಲ್ಲ ಇರುವುದು ‘ಶೇಷ’ ಎಂಬ ಪದದಲ್ಲಿ. ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಏಕೆಂದರೆ, ಮೂರಕ್ಕೂ ಉಳಿದ ಚೂರಿನಿಂದಲೇ ಮತ್ತೆ ಬೆಳೆಯುವ ಗುಣವಿದೆ.

ನನ್ನಜ್ಜಿ ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ಕೆಂಡಗಳನ್ನು ಮೂಲೆಗೆ ಗುಡ್ಡೆ ಮಾಡಿ ಬೂದಿ ಮುಚ್ಚುತ್ತಿದ್ದಳು. ಮೇಲೆ ಕೈಯಿಟ್ಟರೆ ಬೂದಿ ತಣ್ಣಗಿರುತ್ತಿತ್ತು. ಬೆಳಗ್ಗೆ ಅದನ್ನು ಸರಿಸಿ, ಒಣ ತೆಂಗಿನ ನಾರು ಇಟ್ಟು, ಊದುಗೊಳವೆಯಲ್ಲಿ ಎರಡು ಸಲ ಊದಿದರೆ ಸಾಕು, ಬೆಂಕಿ ಏಳುತ್ತಿತ್ತು. ಬ್ಯಾಂಕಿನವರ ‘ರೈಟ್ ಆಫ್’ ಅಂದರೆ ಆ ಬೂದಿಯೇ.

ಕಂತು 90 ದಿನ ಮೀರಿ ನಿಂತರೆ ಸಾಲ ಅನುತ್ಪಾದಕ, ಅಂದರೆ ಎನ್‌ಪಿಎ ಆಗುತ್ತದೆ. ಇನ್ನು ಬರುವುದಿಲ್ಲ ಅನ್ನಿಸಿದಾಗ ಬ್ಯಾಂಕು ತನ್ನ ಲೆಕ್ಕಪುಸ್ತಕದಿಂದ ಅದನ್ನು ತೆಗೆಯುತ್ತದೆ. ನಮ್ಮವರು ಇದನ್ನು ಸಾಲ ಮನ್ನಾ ಎಂದುಕೊಳ್ಳುತ್ತಾರೆ. ಹಾಗಲ್ಲ. ಇಂಥ ತಾಂತ್ರಿಕ ರೈಟ್ ಆಫ್‌ನಿಂದ ಸಾಲಗಾರನ ಮೇಲಿನ ಹಕ್ಕು ಹೋಗುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2023ರ ಜೂನ್ ಸುತ್ತೋಲೆಯಲ್ಲಿ ಬಿಡಿಸಿ ಹೇಳಿದೆ. ಮೂರು ವರ್ಷ ಕಳೆದರೆ ಕಾಲಮಿತಿ ಕಾಯ್ದೆ ಕೋರ್ಟಿನ ಬಾಗಿಲು ಮುಚ್ಚಬಹುದು, ಆದರೆ ಸಾಲ ಅದರಿಂದ ಸಾಯುವುದಿಲ್ಲ. ಸಿಬಿಲ್‌ನಂಥ ಸಾಲ-ಮಾಹಿತಿ ಸಂಸ್ಥೆಗಳಂತೂ ಕನಿಷ್ಠ ಏಳು ವರ್ಷ ದಾಖಲೆ ಇಟ್ಟುಕೊಳ್ಳಲೇಬೇಕು.

ನನ್ನ ತಮ್ಮನಿಗೆ ಇದು ಗೊತ್ತಾದದ್ದು ಗೃಹಸಾಲಕ್ಕೆ ಅರ್ಜಿ ಹಾಕಿದಾಗ. ಮೊದಲ ಕೆಲಸದಲ್ಲಿದ್ದಾಗ ತೆಗೆದುಕೊಂಡ ಕ್ರೆಡಿಟ್ ಕಾರ್ಡಿನ 22,000 ರೂಪಾಯಿ ಬಾಕಿ. ಕೆಲಸ ಹೋಯಿತು, ಫೋನ್ ನಂಬರ್ ಬದಲಾಯಿತು, ಮರೆತೇಬಿಟ್ಟ. ಆರು ವರ್ಷದಲ್ಲಿ ಅದು 61,000 ಆಗಿತ್ತು. ವಸೂಲಿಯವನು ಫೋನಿನಲ್ಲಿ, “ಸರ್, 25,000 ಕಟ್ಟಿ, ಸೆಟಲ್ ಮಾಡಿಬಿಡೋಣ” ಅಂದ.

“ಅಕ್ಕಾ, ಅರ್ಧಕ್ಕಿಂತ ಕಮ್ಮಿಗೆ ಮುಗಿಯುತ್ತಲ್ಲ!”

“ಮುಗಿಯಲ್ಲ ಕಣೋ. ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಅಂತ ಕೂರುತ್ತೆ.”

ಸೆಟಲ್ಡ್ ಎಂದರೆ ಕೊಡಬೇಕಾದಷ್ಟು ಕೊಡಲಿಲ್ಲ ಎಂದೇ ಅರ್ಥ. ಹೊಸ ಬ್ಯಾಂಕು ಅದನ್ನು ಹಾಗೇ ಓದುತ್ತದೆ. ಪೂರ್ತಿ ಕಟ್ಟಿದರೆ ‘ಕ್ಲೋಸ್ಡ್’. ರೈಟ್ ಆಫ್ ಆಗಿದ್ದ ಗುರುತು ಆಗಲೂ ಕಾಣುತ್ತದೆ, ನಿಜ. ಆದರೆ ಸುಟ್ಟ ಕಲೆ ಬೇರೆ, ಉಳಿದ ಕೆಂಡ ಬೇರೆ. ಕಾಯಿಲೆಗೋ ಹೊಟ್ಟೆಪಾಡಿಗೋ ಸಾಲ ಮಾಡಿ ನಿಜಕ್ಕೂ ಕೈಲಾಗದವರು ಒಪ್ಪಂದಕ್ಕೆ ಬಂದರೆ ಅದರಲ್ಲಿ ಅವಮಾನವೇನೂ ಇಲ್ಲ. ನನ್ನ ತಮ್ಮನಿಗೆ ಹಾಗಿರಲಿಲ್ಲ.

ಅವನ ಸಂಕಟವೂ ಸುಳ್ಳಲ್ಲ. 45 ಲಕ್ಷದ ಫ್ಲ್ಯಾಟಿಗೆ ಬ್ಯಾಂಕು ಹೆಚ್ಚೆಂದರೆ ಶೇ 80 ಕೊಡುತ್ತದೆ; ಒಂಬತ್ತು ಲಕ್ಷ ಕೈಯಿಂದ ಹಾಕಬೇಕು, ನೋಂದಣಿ ಖರ್ಚು ಬೇರೆ. ಅದರಲ್ಲೇ 61,000 ತೆಗೆಯುವುದೆಂದರೆ ಹೊಟ್ಟೆ ಉರಿಯುತ್ತದೆ. ಆದರೆ ಇದೇ ಹುಡುಗ ಆ ಫ್ಲ್ಯಾಟಿನ ಜಾಗಕ್ಕೆ 30 ವರ್ಷದ ಇಸಿ ತೆಗೆಸಿದ್ದ. ಅದರ ಕನ್ನಡ ಹೆಸರೇ ಋಣಭಾರ ಪ್ರಮಾಣಪತ್ರ. ಮಣ್ಣಿನ ಮೇಲೆ ಯಾರ ಸಾಲದ ಶೇಷವೂ ಇರಬಾರದೆಂದು ನಾವು ಹುಡುಕುವಾಗ, ಬ್ಯಾಂಕು ನಮ್ಮ ಮೇಲಿನದನ್ನು ಹುಡುಕಿದರೆ ಸಿಟ್ಟೇಕೆ?

ಫೋನಿನಲ್ಲಿ ಹೇಳಿದ ಖಾತೆಗೆ ಅವನು ಹಣ ಹಾಕಲಿಲ್ಲ. ಸಾಲ ಬ್ಯಾಂಕಿನಲ್ಲೇ ಇದೆಯೇ, ಬೇರೆ ಕಂಪನಿಗೆ ಮಾರಿದ್ದಾರೆಯೇ ಎಂದು ಮೊದಲು ಕೇಳಿದ. ಪೂರ್ತಿ ಮೊತ್ತವನ್ನು ಪತ್ರದಲ್ಲಿ ಬರೆಸಿಕೊಂಡು, ಬ್ಯಾಂಕಿನ ಮೂಲಕವೇ ಕಟ್ಟಿ, ನೋ ಡ್ಯೂಸ್ ಪತ್ರ ಪಡೆದ. ವರದಿ ತಾನಾಗಿ ಬದಲಾಗಲಿಲ್ಲ, ಆಕ್ಷೇಪಣೆ ಸಲ್ಲಿಸಿದ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ ಈಗಿದೆ. ಇಪ್ಪತ್ತನೆಯ ದಿನ ಬಾಕಿ ಇದ್ದ ಜಾಗದಲ್ಲಿ ಸೊನ್ನೆ ಬಂತು.

ಆ ನೋ ಡ್ಯೂಸ್ ಪತ್ರವನ್ನು ಅವನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ, ಮನೆಯ ಇಸಿ ಇರುವ ಫೈಲಿನಲ್ಲೇ, ಅದರ ಬೆನ್ನಿಗೇ ಇಟ್ಟಿದ್ದಾನೆ.